ಗುರಿಗಳ ಜೋಡಣೆ ಸರಿ, ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಆಫ್ರಿಕಾ ಖಂಡದ ಅಭಿವೃದ್ಧಿ ಗುರಿಗಳ ಬಗ್ಗೆ ಮಲೆನಾಡಿನ ಪತ್ರಿಕೆಯೊಂದು ಏಕೆ ಬರೆಯಬೇಕು? ಈ ಪ್ರಶ್ನೆ ನಮ್ಮ ಸಂಪಾದಕ ಬಳಗದಲ್ಲಿಯೇ ಎದ್ದಿತು. ನಮ್ಮ ಬೆಟ್ಟಗಳ ಬುಡಕ್ಕೇ ನೀರು ಬಂದಿರುವಾಗ ಸಹಾರಾ ಮರುಭೂಮಿಯ ಅಂಚಿನ ಚಿಂತೆ ನಮಗೇಕೆ ಎಂದು ಹಿರಿಯ ಗೆಳೆಯರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ನಮ್ಮ ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆಯೇ ಇದೆ. ವಿಶ್ವಸಂಸ್ಥೆಯ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವು ಒಂಬತ್ತು ವಿಷಯಗಳನ್ನಾಗಿ ಸಂಕ್ಷೇಪಿಸಿ, ದೇಶದ ಪ್ರತಿ ಗ್ರಾಮ ಪಂಚಾಯಿತಿಯನ್ನೂ ಅದರಂತೆ ಅಳೆಯಲು ಹೊರಟಿದೆ. ನೀತಿ ಆಯೋಗವು 2018ರಿಂದಲೇ ರಾಜ್ಯಗಳಿಗೆ ಅಂಕ ಕೊಡುತ್ತ ಬಂದಿದೆ. ಅಂದರೆ ನಾವೂ ನೀವೂ ಈಗಾಗಲೇ ಎಣಿಕೆಗೆ ಒಳಗಾಗಿದ್ದೇವೆ. ಯಾರು ಎಣಿಸುತ್ತಾರೆ, ಏನನ್ನು ಎಣಿಸುತ್ತಾರೆ, ಎಣಿಸಿದ್ದನ್ನು ಯಾರಿಗೆ ಒಪ್ಪಿಸುತ್ತಾರೆ ಎಂಬುದು ನಮಗೆ ತಿಳಿಯದು, ಅಷ್ಟೇ.

ಈ ಹಾದಿಯಲ್ಲಿ ನಮಗಿಂತ ಮುಂದೆ ಹೋಗಿರುವುದು ಆಫ್ರಿಕಾ. ಅಲ್ಲಿ ಜಗತ್ತಿನ ಗುರಿಗಳ ಪಟ್ಟಿಯೊಂದು, ಖಂಡದ ಸ್ವಂತ ಗುರಿಗಳ ಪಟ್ಟಿ ಮತ್ತೊಂದು. ಎರಡನ್ನೂ ಒಂದಕ್ಕೊಂದು ಹೊಂದಿಸಿ, ಪ್ರಗತಿಯನ್ನು ಒಟ್ಟಿಗೆ ಅಳೆಯುವ ಪ್ರಯತ್ನ ಹಲವು ವರ್ಷಗಳಿಂದ ನಡೆದಿದೆ. ಆ ಪ್ರಯತ್ನದಲ್ಲಿ ಕಲಿಯಬೇಕಾದದ್ದೂ ಇದೆ, ಎಚ್ಚರ ವಹಿಸಬೇಕಾದದ್ದೂ ಇದೆ.

ಎರಡು ಪಟ್ಟಿಗಳು

ಆಫ್ರಿಕನ್ ಏಕತಾ ಸಂಸ್ಥೆ ಹುಟ್ಟಿದ್ದು 1963ರ ಮೇ ತಿಂಗಳಲ್ಲಿ. ಇಂದಿನ ಆಫ್ರಿಕನ್ ಒಕ್ಕೂಟ ಅದರ ಉತ್ತರಾಧಿಕಾರಿ. ಸಂಸ್ಥೆಗೆ ಐವತ್ತು ವರ್ಷ ತುಂಬಿದ 2013ರಲ್ಲಿ ಖಂಡದ ನಾಯಕರು ಮುಂದಿನ ಐವತ್ತು ವರ್ಷಗಳ ಕನಸನ್ನು ಬರಹಕ್ಕಿಳಿಸಲು ಸಂಕಲ್ಪಿಸಿದರು. ಅದರ ಫಲವೇ 'ಕಾರ್ಯಸೂಚಿ 2063'. 2015ರ ಜನವರಿಯಲ್ಲಿ ಅಡಿಸ್ ಅಬಾಬಾದಲ್ಲಿ ಅದಕ್ಕೆ ಅಂಗೀಕಾರ ದೊರೆಯಿತು. ಅದರಲ್ಲಿ ಏಳು ಆಶಯಗಳಿವೆ, ಇಪ್ಪತ್ತು ಗುರಿಗಳಿವೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2030ರ ಕಾರ್ಯಸೂಚಿಯನ್ನು ಒಪ್ಪಿದವು. ಅದರಲ್ಲಿ 17 ಗುರಿಗಳು, 169 ಉಪಗುರಿಗಳು, ಅವುಗಳನ್ನು ಅಳೆಯಲು 230ಕ್ಕೂ ಹೆಚ್ಚು ಸೂಚಕಗಳು.

ಎಂಟು ತಿಂಗಳ ಅಂತರದಲ್ಲಿ ಎರಡು ಪಟ್ಟಿಗಳು ಒಂದೇ ಮನೆಯ ಬಾಗಿಲಿಗೆ ಬಂದರೆ ಮನೆಯವರು ಏನು ಮಾಡಬೇಕು? ಸಂಖ್ಯಾಶಾಸ್ತ್ರ ಇಲಾಖೆಯಲ್ಲಿ ಬೆರಳೆಣಿಕೆಯ ಸಿಬ್ಬಂದಿಯಿರುವ ಬಡ ದೇಶವೊಂದು ಇಬ್ಬರು ಯಜಮಾನರಿಗೆ ಎರಡು ಬೇರೆ ವರದಿ ಬರೆಯುತ್ತ ಕೂತರೆ ಕೆಲಸ ಮಾಡುವವರು ಯಾರು? ಆದ್ದರಿಂದ 2018ರ ಜನವರಿಯಲ್ಲಿ ಆಫ್ರಿಕನ್ ಒಕ್ಕೂಟ ಮತ್ತು ವಿಶ್ವಸಂಸ್ಥೆ ಒಂದು ಚೌಕಟ್ಟಿಗೆ ಸಹಿ ಹಾಕಿದವು. ಎರಡೂ ಕಾರ್ಯಸೂಚಿಗಳನ್ನು ಒಟ್ಟಿಗೆ ಜಾರಿಗೊಳಿಸುವುದು, ಒಟ್ಟಿಗೆ ಅಳೆಯುವುದು ಅದರ ಉದ್ದೇಶ. ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗವು ದೇಶಗಳ ರಾಷ್ಟ್ರೀಯ ಯೋಜನೆಗಳನ್ನು ಎರಡೂ ಪಟ್ಟಿಗಳೊಡನೆ ಹೋಲಿಸಿ ನೋಡುವ ಗಣಕ ಸಾಧನವನ್ನೇ ಸಿದ್ಧಪಡಿಸಿತು. ನಾಲ್ಕು ಸಂಸ್ಥೆಗಳು ಸೇರಿ ಜಂಟಿ ಪ್ರಗತಿ ವರದಿ ಹೊರಡಿಸುತ್ತವೆ.

ಇಷ್ಟರ ಮಟ್ಟಿಗೆ ನಮ್ಮ ತಕರಾರಿಲ್ಲ. ಒಂದೇ ಬಾವಿಯ ನೀರನ್ನು ಎರಡು ಬಾರಿ ಅಳೆಯುವುದು ದಂಡ. ಜೋಡಣೆ ಎಂಬ ವಿಚಾರ ವಿವೇಕದ್ದೇ. ನಮ್ಮ ತಕರಾರು ಅದರ ದಿಕ್ಕಿನ ಕುರಿತು. ಒಂದು ಮೇಲಿನ ಪಟ್ಟಿಯನ್ನು ಮತ್ತೊಂದು ಮೇಲಿನ ಪಟ್ಟಿಗೆ ಜೋಡಿಸಲು ಇಷ್ಟೊಂದು ಶ್ರಮ ನಡೆದಿದೆ. ಎರಡನ್ನೂ ಕೆಳಗಿನ ಹಳ್ಳಿಯ ಬದುಕಿಗೆ ಜೋಡಿಸುವ ಶ್ರಮ ಎಲ್ಲಿ?

ಜೋಡಣೆಯಲ್ಲಿ ಉದುರಿದ್ದು

ಎರಡು ಬಟ್ಟೆಗಳನ್ನು ಹೊಲಿಯುವಾಗ ಅಂಚು ಹೊಂದದ ಭಾಗವನ್ನು ದರ್ಜಿ ಕತ್ತರಿಸಿ ಎಸೆಯುತ್ತಾನೆ. ಇಲ್ಲಿಯೂ ಹಾಗೆಯೇ. ಬಡತನ, ಆರೋಗ್ಯ, ಶಿಕ್ಷಣ, ನೀರು ಎಂಬ ಗುರಿಗಳು ಎರಡೂ ಕಡೆ ಇರುವುದರಿಂದ ಸುಲಭವಾಗಿ ಹೊಂದುತ್ತವೆ. ಆದರೆ ರಾಜಕೀಯವಾಗಿ ಒಂದಾದ ಆಫ್ರಿಕಾ, ತನ್ನ ಸಂಸ್ಕೃತಿ ಹಾಗೂ ಪರಂಪರೆಯ ಮೇಲೆ ತಲೆಯೆತ್ತಿ ನಿಂತ ಆಫ್ರಿಕಾ ಎಂಬ ಆಶಯಗಳಿಗೆ ವಿಶ್ವಸಂಸ್ಥೆಯ ಹದಿನೇಳರಲ್ಲಿ ಜೋಡಿ ಗುರಿಯಿಲ್ಲ. ವಸಾಹತುಶಾಹಿ ಗೆರೆ ಎಳೆದು ತುಂಡರಿಸಿದ ಖಂಡವೊಂದು ಮತ್ತೆ ಒಂದಾಗಬೇಕೆಂಬ ಹಂಬಲವನ್ನು ಯಾವ ಸೂಚಕ ಅಳೆದೀತು? ಅಳೆಯಲಾಗದ್ದು ವರದಿಯಲ್ಲಿ ಬರುವುದಿಲ್ಲ. ವರದಿಯಲ್ಲಿ ಬಾರದ್ದಕ್ಕೆ ಹಣ ಬರುವುದಿಲ್ಲ. ಹಣ ಬಾರದ್ದು ಕ್ರಮೇಣ ಮರೆತೇ ಹೋಗುತ್ತದೆ.

ಕಾರ್ಯಸೂಚಿ 2063ರ ಮೊದಲ ಖಂಡ ಮಟ್ಟದ ವರದಿ 2020ರಲ್ಲಿ ಬಂದಿತು. 2019ಕ್ಕೆ ನಿಗದಿಯಾಗಿದ್ದ ಗುರಿಗಳಲ್ಲಿ ಶೇಕಡಾ 32ರಷ್ಟು ಸಾಧನೆ ಎಂದಿತು ಆ ವರದಿ. 2022ರ ಎರಡನೆಯ ವರದಿ ಶೇಕಡಾ 51 ಎಂದಿತು. ಒಕ್ಕೂಟದ 55 ಸದಸ್ಯ ರಾಷ್ಟ್ರಗಳಲ್ಲಿ ಮೊದಲ ಸಲ ಲೆಕ್ಕ ಒಪ್ಪಿಸಿದವು 31, ಎರಡನೆಯ ಸಲ 38. ಲೆಕ್ಕ ಒಪ್ಪಿಸಿದವರೂ ತಮ್ಮ ಉತ್ತರ ಪತ್ರಿಕೆಗೆ ಮೂಲತಃ ತಾವೇ ಅಂಕ ಹಾಕಿಕೊಂಡವರು. 32ರಿಂದ 51ಕ್ಕೆ ಏರಿದ ಆ ಎರಡು ವರ್ಷಗಳ ನಡುವೆ ಕೊರೋನಾ ಮಾರಿ ಬಂದು ಹೋಗಿತ್ತು, ಶಾಲೆಗಳು ಮುಚ್ಚಿದ್ದವು, ದುಡಿಮೆ ನಿಂತಿತ್ತು. ಇಂಥ ಅಂಕಿಯನ್ನು ಓದಿ ಸಂತೋಷಪಡಬೇಕೋ ಸಂಶಯಪಡಬೇಕೋ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಅಂಕಿಗಳ ಮಾಯೆಗೆ ಇನ್ನೊಂದು ನಿದರ್ಶನ. 2014ರ ಏಪ್ರಿಲಿನಲ್ಲಿ ನೈಜೀರಿಯಾ ತನ್ನ ರಾಷ್ಟ್ರೀಯ ಉತ್ಪನ್ನದ ಲೆಕ್ಕಕ್ಕೆ ಆಧಾರ ವರ್ಷವನ್ನು 1990ರಿಂದ 2010ಕ್ಕೆ ಬದಲಾಯಿಸಿತು. ಒಂದೇ ದಿನದಲ್ಲಿ ಆ ದೇಶದ ಅರ್ಥವ್ಯವಸ್ಥೆ ಶೇಕಡಾ 89ರಷ್ಟು ದೊಡ್ಡದಾಗಿ, ದಕ್ಷಿಣ ಆಫ್ರಿಕಾವನ್ನು ಹಿಂದಿಕ್ಕಿ ಖಂಡದಲ್ಲಿ ಮೊದಲನೆಯದಾಯಿತು. ಲೆಕ್ಕ ತಪ್ಪಾಗಿರಲಿಲ್ಲ, ಹಳೆಯ ಲೆಕ್ಕವೇ ಹಳಸಿತ್ತು. ಆದರೆ ಆ ದಿನ ಯಾವ ಬಡವಳ ಮಡಕೆಗೂ ಒಂದು ಹಿಡಿ ಕಾಳು ಹೆಚ್ಚಿಗೆ ಬೀಳಲಿಲ್ಲ.

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 1984ರಲ್ಲಿ ನಡೆದ ಜನಗಣತಿಯ ನಂತರ ನಾಲ್ಕು ದಶಕಗಳ ಕಾಲ ಮತ್ತೊಂದು ನಡೆಯಲಿಲ್ಲ. ತಲೆಗಳನ್ನೇ ಎಣಿಸದ ಕಡೆ ತಲಾ ಲೆಕ್ಕ ಎಲ್ಲಿಂದ ಬರಬೇಕು? ಇದನ್ನು ಓದಿ ನಾವು ನಗುವಂತಿಲ್ಲ. 2021ರಲ್ಲಿ ನಡೆಯಬೇಕಿದ್ದ ನಮ್ಮ ದೇಶದ ಜನಗಣತಿಯೂ ವರ್ಷಗಟ್ಟಲೆ ಮುಂದಕ್ಕೆ ಹೋಯಿತು.

ಕೈಪಂಪುಗಳ ಕಥೆಯೂ ಇಂಥದ್ದೇ. ಸಹಸ್ರಮಾನದ ಗುರಿಗಳ ಕಾಲದಲ್ಲಿ, ಅಂದರೆ 2015ರವರೆಗೆ, ಊರಿಗೆ ಕೊಳವೆಬಾವಿ ತೋಡಿ ಪಂಪು ನಿಲ್ಲಿಸಿದರೆ ಆ ಊರಿಗೆ 'ಸುಧಾರಿತ ಜಲಮೂಲ' ದೊರೆತಂತೆ. ನೀರು ಶುದ್ಧವೋ ಎಂದು ಆ ಸೂಚಕ ಕೇಳಲಿಲ್ಲ. 2009ರಲ್ಲಿ ಸಹಾರಾದ ದಕ್ಷಿಣದ ಇಪ್ಪತ್ತು ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಶೇಕಡಾ 36ರಷ್ಟು ಕೈಪಂಪುಗಳು ಕೆಟ್ಟು ನಿಂತಿದ್ದವು. ಲೆಕ್ಕದ ಪುಸ್ತಕದಲ್ಲಿ ಪಂಪಿತ್ತು, ಕೊಡದಲ್ಲಿ ನೀರಿರಲಿಲ್ಲ. ನಂತರದ ಸುಸ್ಥಿರ ಗುರಿಗಳಲ್ಲಿ ಈ ಸೂಚಕವನ್ನು ಬಿಗಿಗೊಳಿಸಿ, ನೀರಿನ ಶುದ್ಧತೆ ಮತ್ತು ಲಭ್ಯತೆಯನ್ನೂ ಸೇರಿಸಲಾಯಿತು. ತಪ್ಪನ್ನು ತಿದ್ದಿಕೊಳ್ಳಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಹಸಿರು ಗೋಡೆಗೆ ಎರಡು ಲೆಕ್ಕ

ಪರಿಸರದ ಗುರಿಗಳಲ್ಲಿ ಎಣಿಕೆಯ ಗೊಂದಲ ಇನ್ನೂ ಆಳವಾದದ್ದು. 2007ರಲ್ಲಿ ಆಫ್ರಿಕನ್ ಒಕ್ಕೂಟ 'ಮಹಾ ಹಸಿರು ಗೋಡೆ' ಎಂಬ ಯೋಜನೆಯನ್ನು ಆರಂಭಿಸಿತು. ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಜಿಬೂಟಿಯವರೆಗೆ, ಸುಮಾರು 8,000 ಕಿಲೋಮೀಟರ್ ಉದ್ದಕ್ಕೆ, ಸಹಾರಾ ಮುಂದೊತ್ತದಂತೆ ಮರಗಳ ಪಟ್ಟಿಯನ್ನು ಬೆಳೆಸುವುದು ಮೂಲ ಕಲ್ಪನೆ. ಮುಂದೆ ಅದು ಮರಗಳ ಸಾಲನ್ನು ಬಿಟ್ಟು, ಹಾಳಾದ ನೆಲವನ್ನು ಚೇತರಿಸುವ ವಿಶಾಲ ಕಾರ್ಯಕ್ರಮವಾಯಿತು. 2030ರೊಳಗೆ ಹತ್ತು ಕೋಟಿ ಹೆಕ್ಟೇರ್ ನೆಲವನ್ನು ಪುನಶ್ಚೇತನಗೊಳಿಸುವುದು ಗುರಿ.

ಹದಿಮೂರು ವರ್ಷ ಕಳೆದ ಮೇಲೆ, 2020ರಲ್ಲಿ, ಮರುಭೂಮೀಕರಣ ತಡೆಯುವ ವಿಶ್ವಸಂಸ್ಥೆಯ ಒಡಂಬಡಿಕೆಯ ಕಚೇರಿ ಸ್ಥಿತಿಗತಿ ವರದಿ ಪ್ರಕಟಿಸಿತು. ಯೋಜನೆಗೆಂದೇ ಗುರುತಿಸಿದ ವಲಯದಲ್ಲಿ ಚೇತರಿಸಿದ ನೆಲ ಸುಮಾರು 40 ಲಕ್ಷ ಹೆಕ್ಟೇರ್. ಅಂದರೆ ಗುರಿಯ ಶೇಕಡಾ 4. ಆ ದೇಶಗಳಲ್ಲಿ ಬೇರೆ ಬೇರೆ ಯೋಜನೆಗಳಡಿ ನಡೆದ ಎಲ್ಲ ಕೆಲಸವನ್ನೂ ಸೇರಿಸಿದರೆ ಸುಮಾರು 1.8 ಕೋಟಿ ಹೆಕ್ಟೇರ್, ಅಂದರೆ ಶೇಕಡಾ 18. ಯಾವುದು ಸರಿ? ಎರಡೂ ಸರಿಯೇ! ಹಣ ಕೇಳಲು ಹೋಗುವವರು ಮೊದಲನೆಯದನ್ನು ತೋರಿಸಿ ಕೊರತೆ ಹೇಳುತ್ತಾರೆ, ಸಾಧನೆ ಸಾರುವವರು ಎರಡನೆಯದನ್ನು ತೋರಿಸಿ ಬೀಗುತ್ತಾರೆ. ಗುರಿ ಮುಟ್ಟಲು ವರ್ಷಕ್ಕೆ 82 ಲಕ್ಷ ಹೆಕ್ಟೇರ್ ಚೇತರಿಸಬೇಕಾದೀತೆಂದು ಅದೇ ವರದಿ ಹೇಳಿತು. 2021ರ ಜನವರಿಯಲ್ಲಿ ಶ್ರೀಮಂತ ರಾಷ್ಟ್ರಗಳೂ ಬ್ಯಾಂಕುಗಳೂ ನೂರಾರು ಕೋಟಿ ಡಾಲರುಗಳ ವಾಗ್ದಾನ ಮಾಡಿದವು. ವಾಗ್ದಾನಗಳನ್ನು ಎಣಿಸುವುದು ಹೆಕ್ಟೇರುಗಳನ್ನು ಎಣಿಸುವುದಕ್ಕಿಂತ ಸುಲಭ.

ಇಥಿಯೋಪಿಯಾ 2019ರ ಜುಲೈ 29ರಂದು ಒಂದೇ ದಿನ 35 ಕೋಟಿಗೂ ಹೆಚ್ಚು ಸಸಿ ನೆಟ್ಟೆವೆಂದು ಘೋಷಿಸಿತು. ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ಮೂರು ಬೇಸಿಗೆ ಕಳೆದ ಮೇಲೆ ಎಷ್ಟು ಬದುಕಿವೆ ಎಂದು ಕೇಳಲು ಅಷ್ಟೇ ಜನ ಬರುವುದಿಲ್ಲ. ವನಮಹೋತ್ಸವದಲ್ಲಿ ಪ್ರತಿ ವರ್ಷ ಅದೇ ಗುಂಡಿಯಲ್ಲಿ ಸಸಿ ನೆಡುವುದನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹುಲ್ಲುಗಾವಲು ಬಂಜರೇ?

2015ರಲ್ಲಿ ಪ್ಯಾರಿಸ್ ಹವಾಮಾನ ಸಮ್ಮೇಳನದ ಹೊತ್ತಿಗೆ ಆಫ್ರಿಕಾದ ದೇಶಗಳು ಮತ್ತೊಂದು ಸಂಕಲ್ಪ ಮಾಡಿದವು. 2030ರೊಳಗೆ ಹತ್ತು ಕೋಟಿ ಹೆಕ್ಟೇರ್ ಅರಣ್ಯ ಭೂದೃಶ್ಯವನ್ನು ಪುನರುಜ್ಜೀವನಗೊಳಿಸುವುದು ಅದರ ಗುರಿ. ಹೆಸರಿನಲ್ಲೇ ಅರಣ್ಯವಿದೆ. ಆದರೆ ಆಫ್ರಿಕಾದ ಬಹುಭಾಗ ದಟ್ಟ ಕಾಡಲ್ಲ. ಅದು ಸವನ್ನಾ, ಅಂದರೆ ಹುಲ್ಲಿನ ನಡುವೆ ಚದುರಿದ ಮರಗಳ ನಾಡು. ಆನೆ, ಜೀಬ್ರಾ, ಕಾಡುಕೋಣ, ದನಗಾಹಿಗಳ ಹಿಂಡು, ಇವೆಲ್ಲ ಬದುಕಿರುವುದು ಆ ಹುಲ್ಲನ್ನು ನಂಬಿ. ಇಂಥ ಮರ ನೆಡುವ ಯೋಜನೆಗಳಿಂದ ಫ್ರಾನ್ಸ್ ದೇಶದಷ್ಟು ದೊಡ್ಡ ಪ್ರದೇಶದ ಸವನ್ನಾ ಮತ್ತು ಹುಲ್ಲುಗಾವಲು ಅಪಾಯಕ್ಕೆ ಸಿಲುಕಿದೆಯೆಂದು 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಿಜ್ಞಾನಿಗಳು ಎಚ್ಚರಿಸಿದರು.

ಇದರ ಮೂಲ ವ್ಯಾಖ್ಯೆಯಲ್ಲಿದೆ. ಸುಸ್ಥಿರ ಗುರಿಗಳ ಹದಿನೈದನೆಯದು ಭೂಮಿಯ ಮೇಲಿನ ಜೀವರಾಶಿಯನ್ನು ಕುರಿತದ್ದು. ಅದರ ಮೊದಲ ಸೂಚಕವೇ ಒಟ್ಟು ನೆಲದಲ್ಲಿ ಅರಣ್ಯದ ಪಾಲು ಎಷ್ಟು ಎಂಬುದು. ಆ ಸೂಚಕದ ಲೆಕ್ಕ ಇಡುವ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಅರ್ಧ ಹೆಕ್ಟೇರಿಗಿಂತ ದೊಡ್ಡದಾದ, ಐದು ಮೀಟರ್ ಎತ್ತರ ಬೆಳೆಯುವ ಮರಗಳಿಂದ ಶೇಕಡಾ 10ಕ್ಕಿಂತ ಹೆಚ್ಚು ನೆರಳಿರುವ ನೆಲ ಅರಣ್ಯ. ನೀಲಗಿರಿ ನೆಡುತೋಪೂ ಅರಣ್ಯ, ರಬ್ಬರ್ ತೋಟವೂ ಅರಣ್ಯ. ನಿಸರ್ಗದ ಹುಲ್ಲುಗಾವಲು ಮಾತ್ರ ಅರಣ್ಯವಲ್ಲ. ಆದ್ದರಿಂದ ಹುಲ್ಲುಗಾವಲನ್ನು ಉತ್ತು ನೀಲಗಿರಿ ನೆಟ್ಟ ದೇಶಕ್ಕೆ ಅಂಕ ಹೆಚ್ಚುತ್ತದೆ!

ಈ ಮಾತು ಕೇಳಿದಾಗ ಕುದುರೆಮುಖದ, ಬಾಬಾಬುಡನ್‌ಗಿರಿಯ ನೆತ್ತಿಯ ಮೇಲಿನ ಹುಲ್ಲು ನಮಗೆ ನೆನಪಾಗಬೇಕು. ಶೋಲಾ ಕಾಡಿನ ಪಕ್ಕದಲ್ಲಿ ಮಳೆನೀರನ್ನು ಹೀರಿಟ್ಟು ಬೇಸಿಗೆಯಲ್ಲಿ ಹೊಳೆಗೆ ಬಿಡುವ ಆ ಹುಲ್ಲನ್ನು ಪಾಳುಭೂಮಿ ಎಂದು ಕರೆದವರಿದ್ದರು. ನಮ್ಮ ಬ್ಯಾಣಗಳಲ್ಲಿ ಅಕೇಶಿಯಾ ಎದ್ದದ್ದೂ ಇದೇ ಕುರುಡಿನಿಂದ. ನಮ್ಮ ದೇಶದ ಅರಣ್ಯ ಸಮೀಕ್ಷೆಯೂ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇಕಡಾ 10 ನೆರಳಿರುವ ಯಾವುದೇ ನೆಲವನ್ನು, ಒಡೆತನ ಯಾರದ್ದೇ ಆಗಿರಲಿ, ಅರಣ್ಯ ಹೊದಿಕೆ ಎಂದೇ ಎಣಿಸುತ್ತದೆ. ಕೊಡಗಿನ ಕಾಫಿ ತೋಟವೂ ಅದರಲ್ಲಿ ಸೇರುತ್ತದೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು 'ಕಿತ್ತಿಕೋ ಹಚ್ಚಿಕೋ' ಎಂದು ನೀಲಗಿರಿ ಸಸಿಗಳನ್ನು ಕಿತ್ತು, ಮೇವಿನ, ಹಣ್ಣಿನ ಗಿಡಗಳನ್ನು ನೆಟ್ಟರಲ್ಲ, ಅಂದು ಸರ್ಕಾರಿ ಲೆಕ್ಕದಲ್ಲಿ ಅವರು ಅರಣ್ಯವನ್ನು ಕಡಿಮೆ ಮಾಡಿದವರು. ಊರಿನ ಲೆಕ್ಕದಲ್ಲಿ ಗೋಮಾಳವನ್ನು ಉಳಿಸಿದವರು.

ಯಾರೂ ನೆಡದ ಇಪ್ಪತ್ತು ಕೋಟಿ ಮರ

ಎಣಿಕೆ ಇಲ್ಲದ್ದನ್ನು ಇದೆ ಎನ್ನುವಂತೆಯೇ, ಇದ್ದದ್ದನ್ನು ಕಾಣದೆಯೂ ಹೋಗುತ್ತದೆ. ನೈಜರ್ ದೇಶದ ಮರಾಡಿ ಮತ್ತು ಜಿಂದರ್ ಪ್ರಾಂತ್ಯಗಳಲ್ಲಿ 1980ರ ದಶಕದಿಂದ ರೈತರು ಒಂದು ಸಣ್ಣ ಕೆಲಸ ಆರಂಭಿಸಿದರು. ಹೊಲದಲ್ಲಿ ಹಳೆಯ ಬುಡಗಳಿಂದ ಚಿಗುರುವ ಮರಗಳನ್ನು ಉಳುಮೆಯಲ್ಲಿ ಕಡಿದೆಸೆಯದೆ, ಒಳ್ಳೆಯ ಕೆಲವು ಚಿಗುರುಗಳನ್ನು ಆರಿಸಿ, ಉಳಿದವನ್ನು ಸವರಿ, ಕಾಪಾಡತೊಡಗಿದರು. ಸಸಿಯಿಲ್ಲ, ಗುಂಡಿಯಿಲ್ಲ, ನರ್ಸರಿಯಿಲ್ಲ, ಉದ್ಘಾಟನೆಯಿಲ್ಲ. ಅವರು ಬಲು ಪ್ರೀತಿಯಿಂದ ಉಳಿಸಿಕೊಂಡದ್ದು 'ಗಾವೊ' ಎಂಬ ಮರವನ್ನು. ಅದು ಮಳೆಗಾಲದಲ್ಲಿ ಎಲೆ ಉದುರಿಸಿ ಬೆಳೆಗೆ ಬಿಸಿಲು ಬಿಡುತ್ತದೆ, ಬೇಸಿಗೆಯಲ್ಲಿ ಹಸಿರಾಗಿ ನಿಂತು ದನಗಳಿಗೆ ಮೇವು ಕೊಡುತ್ತದೆ.

ಇಪ್ಪತ್ತು ವರ್ಷ ಕಳೆದ ಮೇಲೆ ಸಂಶೋಧಕರು ಹಳೆಯ ವಿಮಾನ ಚಿತ್ರಗಳನ್ನೂ ಹೊಸ ಉಪಗ್ರಹ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ಬೆರಗಾದರು. ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಸುಮಾರು 20 ಕೋಟಿ ಮರಗಳು ನಿಂತಿದ್ದವು. ಯಾರೂ ನೆಡದ ಕಾರಣ ಯಾವ ಇಲಾಖೆಯ ಪುಸ್ತಕದಲ್ಲೂ ಅವು ಇರಲಿಲ್ಲ.

ಇದು ಸಾಧ್ಯವಾದದ್ದು ಹೇಗೆ? ವಸಾಹತು ಕಾಲದಿಂದ ಬಂದ ಕಾನೂನಿನಂತೆ ನೈಜರ್‌ನಲ್ಲಿ ಹೊಲದೊಳಗಿನ ಮರವೂ ಸರ್ಕಾರದ್ದಾಗಿತ್ತು. ಕಡಿದರೆ ದಂಡ. ಆದ್ದರಿಂದ ಮರ ಬೆಳೆಸುವುದೇ ಮೂರ್ಖತನವಾಗಿತ್ತು. ಆ ಹಿಡಿತ ಸಡಿಲಾಗಿ, ಮರ ತನ್ನದೆಂಬ ಧೈರ್ಯ ರೈತನಿಗೆ ಬಂದಾಗ ಮರ ಉಳಿಯಿತು. ನಮ್ಮಲ್ಲಿಯೂ 2001ರ ತಿದ್ದುಪಡಿಯವರೆಗೆ ರೈತನ ಹಿತ್ತಲಿನ ಶ್ರೀಗಂಧ ಸರ್ಕಾರದ ಸ್ವತ್ತಾಗಿತ್ತು. ಗಂಧದ ಸಸಿ ಕಂಡರೆ ಮೊದಲು ಕಿತ್ತೆಸೆಯುತ್ತಿದ್ದ ಹಿರಿಯರನ್ನು ನಾವು ನೋಡಿದ್ದೇವೆ. ಹಕ್ಕು ಎಂಬುದು ಹೆಕ್ಟೇರಿಗಿಂತ ಮೊದಲು ಅಳೆಯಬೇಕಾದ ಸಂಗತಿ.

ಪಕ್ಕದ ಬುರ್ಕಿನಾ ಫಾಸೊದಲ್ಲಿ ಯಾಕೂಬಾ ಸವಡೊಗೊ ಎಂಬ ರೈತರಿದ್ದರು. ಮಳೆಗೆ ಮುನ್ನ ಗಟ್ಟಿ ನೆಲದಲ್ಲಿ ಗುಂಡಿ ತೋಡಿ ಗೊಬ್ಬರ ತುಂಬುವ 'ಜಾಯ್' ಎಂಬ ಹಳೆಯ ಪದ್ಧತಿಯನ್ನು ಉತ್ತಮಪಡಿಸಿ, ಬೆಂಗಾಡಿನಲ್ಲಿ ಕಾಡನ್ನೇ ಎಬ್ಬಿಸಿದರು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು, 2023ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಬದುಕಿದ್ದಾಗಲೇ ಪಟ್ಟಣ ವಿಸ್ತರಣೆಯ ನಕ್ಷೆ ಅವರ ಕಾಡಿನೊಳಗೆ ನುಗ್ಗಿತ್ತು. ಕಾಡು ಕಟ್ಟಿದವನ ಹಕ್ಕಿಗೆ ನಕ್ಷೆಯಲ್ಲಿ ಬಣ್ಣವಿರಲಿಲ್ಲ.

ತಂತಿಯ ಕೆಳಗಿನ ಕತ್ತಲೆ

ಕಾರ್ಯಸೂಚಿ 2063ರ ಮುಂಚೂಣಿ ಯೋಜನೆಗಳಲ್ಲಿ ಕಾಂಗೋ ನದಿಯ ಮಹಾ ಇಂಗಾ ಅಣೆಕಟ್ಟೂ ಒಂದು. ಪೂರ್ಣಗೊಂಡರೆ 40,000 ಮೆಗಾವಾಟಿಗೂ ಹೆಚ್ಚು ವಿದ್ಯುತ್ ದೊರೆಯುವುದೆಂದು ಅಂದಾಜು. ಖಂಡಕ್ಕೇ ಬೆಳಕು ಕೊಡುವ ಮಾತು ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ 1972 ಮತ್ತು 1982ರಲ್ಲಿ ಆರಂಭವಾದ ಎರಡು ಅಣೆಕಟ್ಟುಗಳು ಈಗಾಗಲೇ ಇವೆ. ಅವುಗಳಿಂದ ಸುಮಾರು 1,700 ಕಿಲೋಮೀಟರ್ ಉದ್ದದ ತಂತಿ ಎಳೆದು ಕಟಾಂಗಾದ ತಾಮ್ರದ ಗಣಿಗಳಿಗೆ ವಿದ್ಯುತ್ ಒಯ್ದರು. ತಂತಿ ಹಾದುಹೋದ ಹಳ್ಳಿಗಳು ಕತ್ತಲೆಯಲ್ಲೇ ಉಳಿದವು. ಇಂದಿಗೂ ಆ ದೇಶದಲ್ಲಿ ವಿದ್ಯುತ್ ಇರುವುದು ಸುಮಾರು ಐವರಲ್ಲಿ ಒಬ್ಬರಿಗೆ. ಮೂರನೆಯ ಇಂಗಾಕ್ಕೆ ಕೊಡುತ್ತಿದ್ದ ನೆರವನ್ನು ವಿಶ್ವಬ್ಯಾಂಕ್ 2016ರಲ್ಲಿ ನಿಲ್ಲಿಸಿ, 2025ರಲ್ಲಿ ಮತ್ತೆ ಹಣ ಮಂಜೂರು ಮಾಡಿದೆ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ವಿಶ್ವಸಂಸ್ಥೆಯ ಏಳನೆಯ ಗುರಿಯ ಸೂಚಕ ಕೇಳುವುದು ಜನರಲ್ಲಿ ಎಷ್ಟು ಪಾಲು ವಿದ್ಯುತ್ ಪಡೆದಿದ್ದಾರೆ ಎಂದು. ಆಫ್ರಿಕಾದ ಸ್ವಂತ ಪಟ್ಟಿಯ ಮುಂಚೂಣಿ ಯೋಜನೆ ಬೀಗುವುದು ಮೆಗಾವಾಟುಗಳ ಮೇಲೆ. ಸ್ವಂತದ್ದೆಂಬ ಕಾರಣಕ್ಕೇ ಒಂದು ಪಟ್ಟಿ ಜನಪರವಾಗುವುದಿಲ್ಲ, ಹೊರಗಿನದೆಂಬ ಕಾರಣಕ್ಕೇ ಮತ್ತೊಂದು ಜನವಿರೋಧಿಯಾಗುವುದಿಲ್ಲ. ಎರಡನ್ನು ಜೋಡಿಸುವಾಗ ಮನೆಯ ಹೊಸ್ತಿಲಿಗೆ ಹತ್ತಿರವಾದ ಅಳತೆಗೋಲನ್ನು ಆರಿಸಬೇಕು. ಲಿಂಗನಮಕ್ಕಿಯ ಹಿನ್ನೀರಿಗೆ ಊರು ಕೊಟ್ಟು, ಅರವತ್ತು ವರ್ಷ ಕಳೆದರೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಶರಾವತಿ ಮುಳುಗಡೆ ಸಂತ್ರಸ್ತರಿಗೆ ಮೆಗಾವಾಟಿನ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಪುಟ ಈ ಪುಸ್ತಕದಲ್ಲಿ ಖಾಲಿಯಾಗಿಯೇ ಉಳಿದಿದೆ. ಆಫ್ರಿಕಾದಿಂದ ವರ್ಷಕ್ಕೆ ಸುಮಾರು 8,860 ಕೋಟಿ ಡಾಲರ್ ಅಕ್ರಮವಾಗಿ ಹೊರಗೆ ಹರಿದುಹೋಗುತ್ತದೆಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ 2020ರಲ್ಲಿ ಅಂದಾಜಿಸಿತು. ಖಂಡಕ್ಕೆ ಬರುವ ವಾರ್ಷಿಕ ನೆರವು ಮತ್ತು ವಿದೇಶಿ ಹೂಡಿಕೆ ಎರಡನ್ನೂ ಕೂಡಿಸಿದರೆ ಹತ್ತಿರ ಹತ್ತಿರ ಅಷ್ಟೇ ಮೊತ್ತ. ಈ ಹರಿವನ್ನು ಅಳೆಯುವ ಸೂಚಕ ಸುಸ್ಥಿರ ಗುರಿಗಳಲ್ಲಿ ಇದೆ, ಆದರೆ ಅದಕ್ಕೆ ಅಂಕಿ ಒದಗಿಸಿದ ದೇಶಗಳು ಕೆಲವೇ ಕೆಲವು. ಬಡ ದೇಶದ ಶೌಚಾಲಯಗಳನ್ನು ಒಂದೊಂದಾಗಿ ಎಣಿಸುವ ಜಗತ್ತಿಗೆ ತನ್ನ ಬ್ಯಾಂಕುಗಳಿಗೆ ಬಂದು ಬೀಳುವ ಹಣ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಅಳತೆಯೇ ಬೇಡವೇ?

ನಮ್ಮ ಚಳವಳಿಯ ಕೆಲವು ಯುವ ಮಿತ್ರರು ಈ ಅಳತೆಗಳೆಲ್ಲ ಸಾಮ್ರಾಜ್ಯಶಾಹಿಯ ಕುತಂತ್ರ, ಬಹಿಷ್ಕರಿಸೋಣ ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ಎಣಿಸದೆ ಬಿಟ್ಟರೆ ಲಾಭ ಯಾರಿಗೆ? ಸತ್ತ ಶಿಶುಗಳ ಲೆಕ್ಕವಿಲ್ಲದ ಊರಿನಲ್ಲಿ ಆಸ್ಪತ್ರೆಗಾಗಿ ಹೋರಾಡುವುದು ಹೇಗೆ? ಜಗತ್ತಿನ ಉಪಗುರಿಗಳಲ್ಲಿ ಶೇಕಡಾ 17ರಷ್ಟು ಮಾತ್ರ ಸರಿದಾರಿಯಲ್ಲಿವೆ ಎಂದು 2024ರಲ್ಲಿ ವಿಶ್ವಸಂಸ್ಥೆಯೇ ಒಪ್ಪಿಕೊಳ್ಳಬೇಕಾದದ್ದು ಎಣಿಕೆ ಇದ್ದುದರಿಂದಲ್ಲವೇ?

ಇನ್ನು ಕೆಲವು ಅಧಿಕಾರಿಗಳು, ಎಣಿಕೆ ತಜ್ಞರ ಕೆಲಸ, ಹಳ್ಳಿಗರಿಗೆ ಅದು ಬಾರದು ಎನ್ನುತ್ತಾರೆ. ಅವರಿಗೆ ಉತ್ತರ ಕೀನ್ಯಾದಿಂದ ಬಂದು ದಶಕಗಳೇ ಆದವು. 1977ರಲ್ಲಿ ವಂಗಾರಿ ಮಾತಾಯಿ ಹಸಿರು ಪಟ್ಟಿ ಚಳವಳಿಯನ್ನು ಆರಂಭಿಸಿದಾಗ ಅದರಲ್ಲಿದ್ದವರು ಹಳ್ಳಿಯ ಹೆಂಗಸರು. ಸಸಿ ಬೆಳೆಸಲು ಅರಣ್ಯಶಾಸ್ತ್ರದ ಪದವಿ ಬೇಕೆಂದು ಅಂದಿನ ಅರಣ್ಯಾಧಿಕಾರಿಗಳು ನಕ್ಕರು. ಹೆಂಗಸರು ಬೀಜ ಹೆಕ್ಕಿದರು, ಮಡಿ ಮಾಡಿದರು, ನೆಟ್ಟರು. ಚಳವಳಿ ಅವರಿಗೆ ಸಣ್ಣದೊಂದು ಸಂಭಾವನೆ ಕೊಡುತ್ತಿತ್ತು, ಅದೂ ಬದುಕಿ ಉಳಿದ ಸಸಿಗೆ ಮಾತ್ರ. ಆ ಒಂದು ನಿಯಮದಲ್ಲಿ ನೂರು ಸೂಚಕಗಳ ಸಾರವಿದೆ. 2004ರಲ್ಲಿ ವಂಗಾರಿಯವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬರುವ ವೇಳೆಗೆ ಮೂರು ಕೋಟಿಯಷ್ಟು ಮರಗಳಾಗಿದ್ದವು. ಎಣಿಸಲು ಕಲಿತ ಆ ಜನರೇ ಮುಂದೆ ಪ್ರಶ್ನಿಸಲೂ ಕಲಿತರು. 1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ ಗೋಪುರ ಕಟ್ಟುವುದನ್ನು ತಡೆದರು, 1999ರಲ್ಲಿ ಕರೂರಾ ಕಾಡಿಗಾಗಿ ಏಟು ತಿಂದರು. ಕರೂರಾ ಉಳಿಯಿತು.

ನಮ್ಮ ಬೇಡಿಕೆ

ಆಫ್ರಿಕನ್ ಒಕ್ಕೂಟ 2024ರಿಂದ 2033ರವರೆಗಿನ ಎರಡನೆಯ ದಶಕದ ಯೋಜನೆಯನ್ನು ಆರಂಭಿಸಿದೆ. ವಿಶ್ವಸಂಸ್ಥೆಯ ಗಡುವು 2030. ಎರಡೂ ಪಟ್ಟಿಗಳನ್ನು ಜೋಡಿಸುವವರು ಅಲ್ಲಿಯೂ, ಪಂಚಾಯಿತಿಗಳಿಗೆ ಅಂಕ ಕೊಡುವವರು ಇಲ್ಲಿಯೂ ಕೆಲವು ನಿಯಮಗಳಿಗೆ ಬದ್ಧರಾಗಬೇಕೆಂಬುದು ನಮ್ಮ ಆಗ್ರಹ.

ಒಂದು, ಊರಿನಿಂದ ಒಯ್ದ ಅಂಕಿಯನ್ನು ಊರಿಗೇ ತಂದು, ಊರಿನ ಭಾಷೆಯಲ್ಲಿ, ಸಭೆಯಲ್ಲಿ ಓದಬೇಕು. ಸಭೆ ಒಪ್ಪದಿದ್ದರೆ ಆ ಆಕ್ಷೇಪವೂ ವರದಿಯ ಭಾಗವಾಗಬೇಕು. ಎರಡು, ನೆಟ್ಟದ್ದನ್ನು ಬಿಟ್ಟು ಬದುಕಿದ್ದನ್ನು ಎಣಿಸಬೇಕು. ಸಸಿಗೂ ಪಂಪಿಗೂ ಮೂರು ವರ್ಷದ ನಂತರವೇ ಅಂಕ ಸಿಗಬೇಕು. ಮೂರು, ಹುಲ್ಲುಗಾವಲನ್ನು ಹುಲ್ಲುಗಾವಲೆಂದೇ, ಕಾನನ್ನು ಕಾನೆಂದೇ, ಸೊಪ್ಪಿನ ಬೆಟ್ಟವನ್ನು ಸೊಪ್ಪಿನ ಬೆಟ್ಟವೆಂದೇ ದಾಖಲಿಸಬೇಕು. ನೆಡುತೋಪನ್ನು ಕಾಡಿನ ಲೆಕ್ಕಕ್ಕೆ ಸೇರಿಸಕೂಡದು. ನಾಲ್ಕು, ಮರದ ಮೇಲೆ, ನೆಲದ ಮೇಲೆ ಜನರಿಗೆ ಹಕ್ಕು ದೊರೆತಿದೆಯೇ ಎಂಬುದನ್ನು ಮೊದಲ ಸೂಚಕವಾಗಿಸಬೇಕು. ಐದು, ಒಳಬಂದ ನೆರವಿನಷ್ಟೇ ಶ್ರದ್ಧೆಯಿಂದ ಹೊರಹೋದ ಸಂಪತ್ತನ್ನೂ ಎಣಿಸಬೇಕು.

ಇವು ದೂರದ ಮಾತುಗಳೆಂದು ಕೈಕಟ್ಟಿ ಕೂರಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ನಮ್ಮ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಕೊಟ್ಟಾಗ ಎಷ್ಟೋ ಕಡೆ ಅವಸರದಲ್ಲಿ ಪುಟ ತುಂಬಿಸಲಾಯಿತು. ವಿದ್ಯಾರ್ಥಿ ಮಿತ್ರರೇ, ಬರುವ ರಜೆಯಲ್ಲಿ ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕವನ್ನು ಕೇಳಿ ಪಡೆಯಿರಿ. ನಿಮ್ಮ ಅಜ್ಜಿಯ ಪಕ್ಕ ಕೂತು ಓದಿ. ನಿಮ್ಮೂರಿನ ಹೊಳೆಯ ಮೀನುಗಳು, ಹಾಡ್ಯದ ಮರಗಳು, ಬೇಸಿಗೆಯಲ್ಲೂ ಬತ್ತದ ಒರತೆಗಳು ಅದರಲ್ಲಿ ಇವೆಯೇ ನೋಡಿ. ಇಲ್ಲದ್ದನ್ನು ಪಟ್ಟಿ ಮಾಡಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ, ನಡವಳಿಯಲ್ಲಿ ಬರೆಸಿ. ಕೀನ್ಯಾದ ಹೆಂಗಸರು ಆರಂಭಿಸಿದ್ದೂ ಅಷ್ಟರಿಂದಲೇ. ನೀವು ಮಾಡಿದ ಪಟ್ಟಿಯ ಒಂದು ಪ್ರತಿಯನ್ನು ನಮಗೂ ಕಳಿಸಿರಿ, ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.